ಮನವಿಪತ್ರ ಕೊಟ್ಟರೆ ಮೇಲ್ಮನವಿ ಸಲ್ಲಿಸಿದಂತೆ ಆಗುತ್ತದೆಯೇ? ಕೊಡಗಿನ ಇಳಿಜಾರುಗಳಲ್ಲಿ ಕಟ್ಟಡ ಅನುಮತಿಯನ್ನು ಪ್ರಶ್ನಿಸುವ ಬಗೆ

ಮಳೆಗಾಲಕ್ಕೆ ಮುಂಚೆ ಕೊಡಗಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದಿದೆ: "ನಮ್ಮ ಮನೆಯ ಮೇಲಿನ ಗುಡ್ಡವನ್ನು ಜೆಸಿಬಿಯಲ್ಲಿ ಕಡಿಯುತ್ತಿದ್ದಾರೆ. ಕೇಳಿದರೆ ಪಂಚಾಯಿತಿ ಲೈಸೆನ್ಸ್ ಇದೆ ಅನ್ನುತ್ತಾರೆ. ಇನ್ನು ನಾವು ಏನೂ ಮಾಡುವ ಹಾಗಿಲ್ಲವೇ?" ಇದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಕರಾವಳಿಯಲ್ಲಿ ಸಿಆರ್‌ಜೆಡ್ ಅಂತ ಕಾನೂನು ಇದೆಯಲ್ಲ, ನಮ್ಮ ಬೆಟ್ಟಕ್ಕೆ ಅಂಥದ್ದು ಯಾಕಿಲ್ಲ?"

ಎರಡಕ್ಕೂ ಚಿಕ್ಕ ಉತ್ತರ ಹೀಗಿದೆ. ಸ್ಥಳೀಯ ಸಂಸ್ಥೆ ಕೊಟ್ಟ ಅನುಮತಿಯೇ ಕೊನೆಯ ಮಾತಲ್ಲ, ಅದನ್ನು ಪ್ರಶ್ನಿಸಬಹುದು. ಆದರೆ ಒಂದು ಕಟ್ಟಡಕ್ಕೆ ಒಂದಲ್ಲ, ಹಲವು ಅನುಮತಿಗಳು ಬೇಕಾಗುತ್ತವೆ. ಪ್ರತಿ ಅನುಮತಿಯನ್ನು ಪ್ರಶ್ನಿಸುವ ಕಚೇರಿ ಬೇರೆ, ಅದರ ಗಡುವೂ ಬೇರೆ. ತಪ್ಪು ಕಚೇರಿಗೆ ಕೊಟ್ಟ ಒಳ್ಳೆಯ ಅರ್ಜಿ, ಸರಿಯಾದ ಕಚೇರಿಗೆ ತಡವಾಗಿ ಕೊಟ್ಟ ಅರ್ಜಿ, ಎರಡೂ ಕೆಲಸಕ್ಕೆ ಬಾರದೆ ಹೋಗಬಹುದು. ಇದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಅರ್ಥವಾಗಲು ಸುಲಭವಾಗಲಿ ಎಂದು ಒಂದು ಕಾಲ್ಪನಿಕ ಕುಟುಂಬವನ್ನು ಜೊತೆಗಿಟ್ಟುಕೊಳ್ಳೋಣ. ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಇಳಿಜಾರಿನ ಕೆಳಗೆ ಅವರ ಮನೆ. ಮೇಲಿನ ಕಾಫಿ ತೋಟದ ಎರಡು ಎಕರೆಯನ್ನು ಹೊರಗಿನವರೊಬ್ಬರು ಕೊಂಡು ರೆಸಾರ್ಟ್ ಕಟ್ಟಲು ಮಣ್ಣು ತೆಗೆಯುತ್ತಿದ್ದಾರೆ. ಕುಟುಂಬದವರು ಜಿಲ್ಲಾಧಿಕಾರಿಗೆ ಮನವಿಪತ್ರ ಕೊಟ್ಟು, ತಹಶೀಲ್ದಾರ್ ಮತ್ತು ಶಾಸಕರಿಗೆ ಪ್ರತಿ ಕಳುಹಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದು ಕಾಯುತ್ತಿದ್ದಾರೆ.

ಕರಾವಳಿಯ ಕಾನೂನು ಬೆಟ್ಟ ಹತ್ತುತ್ತದೆಯೇ?

ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಜೆಡ್, ಮೊದಲು ಬಂದದ್ದು 1991ರ ಅಧಿಸೂಚನೆಯಲ್ಲಿ. ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಹೊರಡಿಸಿತು. 2011ರಲ್ಲಿ ಮತ್ತು 2019ರಲ್ಲಿ ಅದರ ಜಾಗಕ್ಕೆ ಹೊಸ ಅಧಿಸೂಚನೆಗಳು ಬಂದವು. ಸಮುದ್ರದ ಭರತ ರೇಖೆಯಿಂದ 500 ಮೀಟರ್‌ವರೆಗಿನ ನೆಲ ಮತ್ತು ಉಬ್ಬರವಿಳಿತದ ಪ್ರಭಾವ ಇರುವ ನದಿ, ಅಳಿವೆ, ಹಿನ್ನೀರುಗಳ ದಂಡೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದಲ್ಲಿ ಇದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳಿಗೆ ಅನ್ವಯಿಸುತ್ತದೆ.

ಕೊಡಗಿನ ನೀರು ಎರಡು ಕಡಲಿಗೆ ಹರಿಯುತ್ತದೆ. ಕಾವೇರಿ ಪೂರ್ವಕ್ಕೆ ಹೋದರೆ, ಪಯಸ್ವಿನಿ ಸುಳ್ಯವನ್ನು ದಾಟಿ ಕಾಸರಗೋಡಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಹಾಗಿದ್ದರೂ ಸಿಆರ್‌ಜೆಡ್ ನಿಯಮ ನದಿಯ ಜೊತೆ ಉದ್ದಕ್ಕೂ ಮೇಲೆ ಬರುವುದಿಲ್ಲ. ನದಿ ನೀರಿನಲ್ಲಿ ಉಪ್ಪಿನಂಶ ಇರುವಷ್ಟು ದೂರ ಮಾತ್ರ ಅದು ನಿಲ್ಲುತ್ತದೆ. ವರ್ಷದಲ್ಲಿ ಅತಿ ಒಣ ಕಾಲದಲ್ಲಿ ಸಾವಿರ ಭಾಗ ನೀರಿಗೆ 5 ಭಾಗ ಉಪ್ಪು ಸಿಗುವ ಜಾಗವೇ ಅದರ ಗಡಿ. ಆದ್ದರಿಂದ ಕೊಡಗಿಗೆ ಸಿಆರ್‌ಜೆಡ್ ಇಲ್ಲ.

ಆದರೂ ಕರಾವಳಿಯಿಂದ ಕಲಿಯಬೇಕಾದ ಪಾಠ ಒಂದಿದೆ. ಕೊಚ್ಚಿಯ ಪಕ್ಕದ ಮರಡು ಎಂಬಲ್ಲಿ 2006ರಲ್ಲಿ ಅಂದಿನ ಗ್ರಾಮ ಪಂಚಾಯಿತಿ ಹಿನ್ನೀರಿನ ದಂಡೆಯ ಬಹುಮಹಡಿ ಕಟ್ಟಡಗಳಿಗೆ ಪರವಾನಗಿ ಕೊಟ್ಟಿತು. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಪಡೆದಿರಲಿಲ್ಲ. ಕಟ್ಟಡ ಎದ್ದಿತು, ಫ್ಲ್ಯಾಟ್‌ಗಳು ಮಾರಾಟವಾದವು, ಜನ ವಾಸಕ್ಕೂ ಬಂದರು. ಪ್ರಕರಣ ವರ್ಷಗಟ್ಟಲೆ ನಡೆದು, 2019ರ ಮೇ 8ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಿಸಿ ನೆಲಸಮ ಮಾಡಲಾಯಿತು. ಮುನ್ನೂರಕ್ಕೂ ಹೆಚ್ಚು ಮನೆಗಳು ಹೋದವು.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಮೊದಲನೆಯದು, ಪಂಚಾಯಿತಿಯ ಪರವಾನಗಿ ಕೈಯಲ್ಲಿದ್ದರೂ ಬೇರೆ ಕಾನೂನಿನ ಅನುಮತಿ ಇಲ್ಲದಿದ್ದರೆ ಕಟ್ಟಡಕ್ಕೆ ರಕ್ಷಣೆ ಇಲ್ಲ. ಎರಡನೆಯದು, ತಪ್ಪು ಅನುಮತಿಯನ್ನು ತಡೆಯುವ ಕೆಲಸ ತಡವಾದಷ್ಟೂ ಅದರ ಬೆಲೆ ಏರುತ್ತದೆ, ಮತ್ತು ಆ ಬೆಲೆಯನ್ನು ತೆರುವವರಲ್ಲಿ ತಪ್ಪು ಮಾಡದವರೂ ಇರುತ್ತಾರೆ. ಮರಡುವಿನಲ್ಲಿ ಮನೆ ಕಳೆದುಕೊಂಡದ್ದು ಫ್ಲ್ಯಾಟ್ ಕೊಂಡವರು. ಕೊಡಗಿನಲ್ಲಿ ಅದು ಇಳಿಜಾರಿನ ಕೆಳಗೆ ಮಲಗಿರುವ ನೆರೆಯವರಾಗಬಹುದು.

ಗುಡ್ಡ ಕಡಿದರೆ ಏನಾಗುತ್ತದೆ?

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಟಕೇರಿ, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಜಾರಿದ್ದು ಯಾರಿಗೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದವು. ಮಳೆಯೇ ಮುಖ್ಯ ಕಾರಣ ನಿಜ. ಆದರೆ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದು, ಪಕ್ಕಕ್ಕೆ ಆಸರೆ ಕೊಡದೆ ಬಿಟ್ಟದ್ದನ್ನೂ ಕಾರಣವಾಗಿ ಗುರುತಿಸಿತು.

ಇದರ ಹಿಂದಿನ ವಿಜ್ಞಾನ ಸರಳ. ಇಳಿಜಾರಿನ ಮಣ್ಣು ತನ್ನ ಭಾರದಿಂದ ಕೆಳಕ್ಕೆ ಜಾರಲು ನೋಡುತ್ತಿರುತ್ತದೆ. ಮಣ್ಣಿನ ಕಣಗಳ ನಡುವಿನ ಘರ್ಷಣೆ, ಬೇರುಗಳು, ಬುಡದ ಮಣ್ಣಿನ ಆಸರೆ ಅದನ್ನು ತಡೆದಿರುತ್ತವೆ. ಮಳೆನೀರು ಇಂಗಿದಾಗ ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಏರಿ ಕಣಗಳ ಹಿಡಿತ ಸಡಿಲವಾಗುತ್ತದೆ. ಬುಡವನ್ನು ಕಡಿದರೆ ಆಸರೆ ಹೋಗುತ್ತದೆ. ಅಗೆದ ಮಣ್ಣನ್ನು ಮೇಲೆಯೇ ರಾಶಿ ಹಾಕಿದರೆ ಭಾರ ಹೆಚ್ಚುತ್ತದೆ. ಸಹಜ ತೋಡನ್ನು ಮುಚ್ಚಿದರೆ ನೀರು ಹೊಸ ದಾರಿ ಹುಡುಕುತ್ತದೆ. ಈ ನಾಲ್ಕೂ ಒಂದೇ ಮಳೆಗಾಲದಲ್ಲಿ ಸೇರಿದರೆ, ಹತ್ತಾರು ವರ್ಷ ನಿಂತಿದ್ದ ಗುಡ್ಡ ಒಂದು ರಾತ್ರಿಯಲ್ಲಿ ಬರಬಹುದು.

ಕಾನೂನಿನ ಲೇಖನದಲ್ಲಿ ಇದನ್ನೆಲ್ಲ ಹೇಳಲು ಕಾರಣವಿದೆ. "ನಮಗೆ ಭಯವಾಗುತ್ತಿದೆ" ಎಂಬುದು ಮೇಲ್ಮನವಿಯಲ್ಲಿ ಹೆಚ್ಚು ತೂಗುವುದಿಲ್ಲ. "ಬುಡವನ್ನು ಇಷ್ಟು ಅಡಿ ಲಂಬವಾಗಿ ಕಡಿಯಲಾಗಿದೆ, ತಡೆಗೋಡೆ ಇಲ್ಲ, ಸರ್ವೆ ನಕ್ಷೆಯಲ್ಲಿರುವ ತೋಡು ಈಗ ಮುಚ್ಚಿದೆ" ಎಂಬುದು ತೂಗುತ್ತದೆ.

ಒಂದು ಕಟ್ಟಡ, ಹಲವು ಅನುಮತಿ

ನಮ್ಮ ಕಾಲ್ಪನಿಕ ಕುಟುಂಬ ಮೊದಲು ಕೇಳಬೇಕಾದ ಪ್ರಶ್ನೆ "ಯಾರಿಗೆ ದೂರು ಕೊಡಲಿ?" ಎಂಬುದಲ್ಲ, "ಮೇಲಿನವರ ಬಳಿ ಯಾವ ಯಾವ ಅನುಮತಿ ಇದೆ, ಯಾವುದು ಇಲ್ಲ?" ಎಂಬುದು.

ಮೊದಲನೆಯದು ಭೂ ಪರಿವರ್ತನೆ. ಕಾಫಿ ತೋಟ ಕೃಷಿ ಭೂಮಿ. ಅಲ್ಲಿ ರೆಸಾರ್ಟ್ ಕಟ್ಟಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಂ ಅಡಿಯಲ್ಲಿ ಕೃಷಿಯೇತರ ಬಳಕೆಗೆ ಅನುಮತಿ ಬೇಕು. ಅದನ್ನು ಕೊಡುವವರು ಜಿಲ್ಲಾಧಿಕಾರಿ, ಪಂಚಾಯಿತಿಯಲ್ಲ. ಆದೇಶದಲ್ಲಿ ಷರತ್ತುಗಳೂ ಇರುತ್ತವೆ. ಪರಿವರ್ತನೆ ಇಲ್ಲದೆ ಅಥವಾ ಷರತ್ತು ಮೀರಿ ಬಳಸಿದರೆ ದಂಡ ಮತ್ತು ತೆರವಿಗೆ 96ನೇ ಕಲಂ ಇದೆ. ಕೊಡಗಿನ ವಿಶೇಷ ಏನೆಂದರೆ, ಜಮ್ಮಾ ಬಾಣೆಯಂಥ ಜಮೀನುಗಳಲ್ಲಿ ಒಕ್ಕದ ಹಲವರ ಹೆಸರು ಒಂದೇ ಪಹಣಿಯಲ್ಲಿ ಇರುವುದುಂಟು. ಹಾಗಾಗಿ ಅರ್ಜಿ ಹಾಕಿದವರಿಗೆ ಆ ಜಾಗದ ಮೇಲೆ ಎಷ್ಟು ಹಕ್ಕಿದೆ ಎಂಬುದೇ ಕೆಲವೊಮ್ಮೆ ಮೊದಲ ತಕರಾರಾಗುತ್ತದೆ.

ಎರಡನೆಯದು ಕಟ್ಟಡ ಪರವಾನಗಿ. ಹಳ್ಳಿಯಲ್ಲಾದರೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ 64ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿ, ಮಡಿಕೇರಿ ಪಟ್ಟಣದಲ್ಲಾದರೆ ನಗರಸಭೆ. ಎಲ್ಲರೂ ಲೈಸೆನ್ಸ್ ಎಂದು ಕರೆಯುವುದು ಇದನ್ನೇ. ಇದು ಕಟ್ಟಡದ ನಕ್ಷೆಗೆ ಸಿಕ್ಕ ಒಪ್ಪಿಗೆ ಅಷ್ಟೇ. ಇದು ಭೂ ಪರಿವರ್ತನೆಯ ಬದಲಿಗೆ ನಿಲ್ಲುವುದಿಲ್ಲ. ಹಾಗೆಯೇ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿ ಕಟ್ಟಡ ಪರವಾನಗಿಯ ಬದಲಿಗೆ ನಿಲ್ಲುವುದಿಲ್ಲ.

ಮೂರನೆಯದು ಪರಿಸರ ಅನುಮತಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಾಣ ವಿಸ್ತೀರ್ಣದ ಕಟ್ಟಡ ಯೋಜನೆಗಳಿಗೆ ಇದು ಬೇಕು. ಎರಡು ಎಕರೆಯ ರೆಸಾರ್ಟ್, ಹೋಮ್‌ಸ್ಟೇ, ಕಾಟೇಜುಗಳು ಸಾಮಾನ್ಯವಾಗಿ ಈ ಮಟ್ಟ ಮುಟ್ಟುವುದಿಲ್ಲ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ನಾಲ್ಕನೆಯದು ಅರಣ್ಯ ಮತ್ತು ವನ್ಯಜೀವಿಗೆ ಸಂಬಂಧಿಸಿದ್ದು. ಜಾಗ ಅರಣ್ಯವೆಂದು ದಾಖಲಾಗಿದ್ದರೆ ಕೇಂದ್ರದ ಒಪ್ಪಿಗೆ ಬೇಕು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳ ಅಥವಾ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿದ್ದರೆ, ಆ ಜಾಗ ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿದೆಯೇ ಎಂದು ನೋಡಬೇಕು.

ಯಾವ ಆದೇಶಕ್ಕೆ ಯಾವ ಕಚೇರಿ?

ಗ್ರಾಮ ಪಂಚಾಯಿತಿಯ ಆದೇಶದ ವಿರುದ್ಧ ಮೇಲ್ಮನವಿ ಹೋಗುವುದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, 1993ರ ಕಾಯ್ದೆಯ 269ನೇ ಕಲಂ ಅಡಿಯಲ್ಲಿ. ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶದ ವಿರುದ್ಧ ಹೋಗುವುದು ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ, ಭೂ ಕಂದಾಯ ಕಾಯ್ದೆಯ 49ನೇ ಕಲಂ ಅಡಿಯಲ್ಲಿ. ಆ ಕಾಯ್ದೆಯಲ್ಲಿ ಮೊದಲ ಮೇಲ್ಮನವಿಗೆ ಆದೇಶದ ದಿನದಿಂದ 60 ದಿನಗಳ ಗಡುವಿದೆ.

ಪರಿಸರ ಅನುಮತಿ ಕೊಟ್ಟ ಆದೇಶವನ್ನು ಪ್ರಶ್ನಿಸುವುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ. 2010ರ ಕಾಯ್ದೆಯಿಂದ ಹುಟ್ಟಿದ ಈ ಎನ್‌ಜಿಟಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ, ಕರ್ನಾಟಕ ಅದರ ವ್ಯಾಪ್ತಿಯಲ್ಲಿದೆ. ಆ ಕಾಯ್ದೆಯ 16ನೇ ಕಲಂ ಪ್ರಕಾರ ಗಡುವು 30 ದಿನ. ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ ಸಿಗಬಹುದು. ಒಟ್ಟು 90 ದಿನ ದಾಟಿದರೆ ತಡವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೇ ಇಲ್ಲ.

ಪ್ರಶ್ನಿಸಲು ಅಂಥ ಆದೇಶವೇ ಇಲ್ಲದೆ, ಪರಿಸರ ಕಾನೂನಿನ ಉಲ್ಲಂಘನೆ ನಡೆಯುತ್ತಿದ್ದರೆ ಅದೇ ಕಾಯ್ದೆಯ 14ನೇ ಕಲಂ ಇದೆ. ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಅದರ ಮೇಲೆ ಹೆಚ್ಚೆಂದರೆ 60 ದಿನ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ಸ್ವತಃ ವಾದಿಸಲು ಅವಕಾಶವಿದೆ. ಆದರೆ ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಜೋಡಿಸಬೇಕಾಗುತ್ತದೆ. ಪಹಣಿ, ಪಂಚಾಯಿತಿ ನಿರ್ಣಯ ಎಲ್ಲವೂ ಕನ್ನಡದಲ್ಲೇ ಇರುವುದರಿಂದ ಅನುವಾದಕ್ಕೂ ದಿನಗಳನ್ನು ಎತ್ತಿಡಿ.

ತಪ್ಪು ಕಲ್ಪನೆ 1: ಮನವಿ ಕೊಟ್ಟಿದ್ದೇವೆ, ಇನ್ನು ಕಾದರಾಯಿತು

ಹೆಚ್ಚು ನಷ್ಟ ತರುವ ತಪ್ಪು ಇದೇ. ಮನವಿ, ಮೇಲ್ಮನವಿ ಎಂಬ ಪದಗಳು ಕೇಳಲು ಅಣ್ಣತಮ್ಮಂದಿರಂತಿವೆ. ಕಾನೂನಿನಲ್ಲಿ ಅವುಗಳ ನಡುವೆ ದೊಡ್ಡ ಅಂತರವಿದೆ. ಮನವಿಪತ್ರ ಎಂದರೆ ಅಧಿಕಾರಿಗೆ ವಿಷಯ ತಿಳಿಸುವುದು. ಅದರ ಮೇಲೆ ಅವರು ಕ್ರಮ ಕೈಗೊಳ್ಳಬಹುದು, ಕೆಳಗಿನ ಕಚೇರಿಗೆ ರವಾನಿಸಬಹುದು. ಮೇಲ್ಮನವಿ ಎಂದರೆ ಒಂದು ನಿರ್ದಿಷ್ಟ ಆದೇಶವನ್ನು, ನಿರ್ದಿಷ್ಟ ಕಲಂ ಅಡಿಯಲ್ಲಿ, ಆದೇಶದ ಪ್ರತಿ ಜೋಡಿಸಿ, ಗಡುವಿನೊಳಗೆ ಪ್ರಶ್ನಿಸುವುದು. ಅದನ್ನು ವಿಚಾರಣೆ ನಡೆಸಿ ತೀರ್ಮಾನಿಸುವ ಹೊಣೆ ಮೇಲ್ಮನವಿ ಪ್ರಾಧಿಕಾರದ ಮೇಲಿರುತ್ತದೆ.

ನಮ್ಮ ಕುಟುಂಬ ಮೂರು ತಿಂಗಳು ಮನವಿಯ ಉತ್ತರಕ್ಕೆ ಕಾದರೆ ಏನಾಗುತ್ತದೆ? ಕೆಎಟಿಯ 60 ದಿನ ಮುಗಿದಿರುತ್ತದೆ. ಆಗ ತಡ ಮನ್ನಿಸಿ ಎಂಬ ಪ್ರತ್ಯೇಕ ಅರ್ಜಿ ಹಾಕಿ, ಪ್ರತಿ ದಿನದ ವಿಳಂಬಕ್ಕೂ ಕಾರಣ ಕೊಡಬೇಕು. ಸ್ವೀಕೃತಿ ಮೊಹರು ಇರುವ ಮನವಿಪತ್ರ, ತಾವು ಸುಮ್ಮನೆ ಕೂತಿರಲಿಲ್ಲ ಎಂದು ತೋರಿಸಲು ನೆರವಾಗಬಹುದು. ಆದರೆ ಅದು ಗಡಿಯಾರವನ್ನು ನಿಲ್ಲಿಸಿರುವುದಿಲ್ಲ. ಮನವಿ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಅಕ್ರಮವನ್ನು ಬೇಗ ತಡೆಯಲು ಅದೂ ಬೇಕು. ಮನವಿ ಕೊಟ್ಟ ದಿನವೇ ಮೇಲ್ಮನವಿಯ ತಯಾರಿಯೂ ಶುರುವಾಗಬೇಕು ಎನ್ನುತ್ತಿದ್ದೇವೆ.

ತಪ್ಪು ಕಲ್ಪನೆ 2: ಮೇಲ್ಮನವಿ ಸಲ್ಲಿಸಿದ ಕೂಡಲೇ ಕೆಲಸ ನಿಲ್ಲುತ್ತದೆ

ನಿಲ್ಲುವುದಿಲ್ಲ. ಮೇಲ್ಮನವಿ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಕೆಳಗಿನ ಆದೇಶ ಅಮಾನತಾಗುವುದಿಲ್ಲ. ತಡೆಯಾಜ್ಞೆ ಕೋರಿ ಮಧ್ಯಂತರ ಅರ್ಜಿಯನ್ನು ಬೇರೆಯಾಗಿ ಹಾಕಬೇಕು. ಕಾಮಗಾರಿ ಈಗಲೇ ನಿಲ್ಲದಿದ್ದರೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು ಎಂದು ಅಲ್ಲಿ ತೋರಿಸಬೇಕು. ಕಡಿದ ಇಳಿಜಾರಿನ ತಾರೀಖು ಸಹಿತ ಫೋಟೊ, ಬಿರುಕು ಬಿಟ್ಟ ಗೋಡೆಯ ಫೋಟೊ, ಎಂಜಿನಿಯರ್ ಅಥವಾ ಭೂವಿಜ್ಞಾನಿಯ ಸ್ಥಳ ವರದಿ ಕೆಲಸಕ್ಕೆ ಬರುವುದು ಇಲ್ಲಿ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುವ ಊರಿನಲ್ಲಿ ಏಪ್ರಿಲ್‌ನ ತಡೆಯಾಜ್ಞೆಗೂ ಆಗಸ್ಟ್‌ನ ತಡೆಯಾಜ್ಞೆಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ 3: ಪರಿಸರದ ವಿಷಯ ಎಂದರೆ ಎಲ್ಲವನ್ನೂ ಎನ್‌ಜಿಟಿ ನೋಡಿಕೊಳ್ಳುತ್ತದೆ

ಎನ್‌ಜಿಟಿಯ ಅಧಿಕಾರ ಅದರ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಏಳು ಕಾನೂನುಗಳಿಗೆ ಸೀಮಿತ. ಜಲ ಕಾಯ್ದೆ, ವಾಯು ಕಾಯ್ದೆ, ಅರಣ್ಯ ಸಂರಕ್ಷಣಾ ಕಾಯ್ದೆ, ಪರಿಸರ ಸಂರಕ್ಷಣಾ ಕಾಯ್ದೆ, ಜೀವವೈವಿಧ್ಯ ಕಾಯ್ದೆ ಆ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಇಲ್ಲ. ಕರ್ನಾಟಕದ ಭೂ ಕಂದಾಯ ಕಾಯ್ದೆಯಾಗಲಿ ಪಂಚಾಯತ್ ರಾಜ್ ಕಾಯ್ದೆಯಾಗಲಿ ಇಲ್ಲ.

ಈಗ 20,000 ಚದರ ಮೀಟರ್‌ನ ಮಾತಿಗೆ ಮರಳೋಣ. ಆ ಮಟ್ಟಕ್ಕಿಂತ ಚಿಕ್ಕ ರೆಸಾರ್ಟ್‌ಗೆ ಪರಿಸರ ಅನುಮತಿಯೇ ಬೇಕಿಲ್ಲ. ಅನುಮತಿ ಇಲ್ಲವೆಂದ ಮೇಲೆ ಅದರ ವಿರುದ್ಧ 16ನೇ ಕಲಂನ ಮೇಲ್ಮನವಿಯೂ ಇಲ್ಲ. ತೋಡಿಗೆ ಕೊಳಚೆ ಬಿಡುವುದು, ಅರಣ್ಯ ಜಾಗ ಒತ್ತುವರಿ ಮಾಡುವುದು ಇಂಥವಿದ್ದರೆ 14ನೇ ಕಲಂ ಉಪಯೋಗಕ್ಕೆ ಬರುತ್ತದೆ. ಅದಿಲ್ಲದೆ ಬರೀ ಭೂ ಪರಿವರ್ತನೆಯಲ್ಲಿ ತಪ್ಪಾಗಿದ್ದರೆ ಕೆಎಟಿಯೇ ಸರಿಯಾದ ಜಾಗ. ಚೆನ್ನೈಗೆ ಹೋಗಿ ಬರುವಷ್ಟರಲ್ಲಿ ಬೆಂಗಳೂರಿನ ಗಡುವು ಮುಗಿಯಬಾರದು.

ಇನ್ನೊಂದು ಮಿತಿಯೂ ಇದೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಜಾಗ ಬಿಡಬೇಕೆಂದು ಎನ್‌ಜಿಟಿ 2016ರ ಮೇ 4ರಂದು ಆದೇಶಿಸಿತ್ತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಶಾಸನಬದ್ಧ ಯೋಜನೆಯಲ್ಲಿ ನಿಗದಿಯಾದ ಅಂತರವನ್ನು ನ್ಯಾಯಮಂಡಳಿ ಬದಲಾಯಿಸಲಾಗದು ಎಂಬುದು ಕಾರಣ. ಕೊಡಗಿನ ಓದುಗರಿಗೆ ಇದರ ಅರ್ಥ ಇಷ್ಟು: ಇರುವ ನಿಯಮ ಮುರಿದಿದ್ದರೆ ಮೇಲ್ಮನವಿಯಲ್ಲಿ ಗೆಲ್ಲಬಹುದು, ಇರಬೇಕಿದ್ದ ನಿಯಮಕ್ಕಾಗಿ ಸರ್ಕಾರವನ್ನೇ ಕೇಳಬೇಕು.

ತಪ್ಪು ಕಲ್ಪನೆ 4: ಕಸ್ತೂರಿರಂಗನ್ ವರದಿ ಇದೆ, ಆದ್ದರಿಂದ ಇಲ್ಲಿ ಕಟ್ಟುವ ಹಾಗೇ ಇಲ್ಲ

ಇದನ್ನು ಹೆದರಿಕೆಯಿಂದ ಹೇಳುವವರೂ ಇದ್ದಾರೆ, ಭರವಸೆಯಿಂದ ಹೇಳುವವರೂ ಇದ್ದಾರೆ. ಇಬ್ಬರೂ ಒಂದು ಮೆಟ್ಟಿಲು ಮುಂದೆ ಹೋಗಿದ್ದಾರೆ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ, ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿ ವರದಿ ಕೊಟ್ಟವು. ಅದರ ಮೇಲೆ ಕೇಂದ್ರ ಸರ್ಕಾರ 2014ರ ಮಾರ್ಚ್‌ನಿಂದ ಒಂದರ ಹಿಂದೆ ಒಂದು ಕರಡು ಅಧಿಸೂಚನೆ ಹೊರಡಿಸುತ್ತ ಬಂದಿದೆ. ಆರನೆಯ ಕರಡು ಬಂದದ್ದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸುವ ತೀರ್ಮಾನ ಮಾಡಿತು.

ವರದಿ ಎಂದರೆ ಸಲಹೆ. ಕರಡು ಎಂದರೆ ಪ್ರಸ್ತಾವ. ಕರಡಿನ ವಿರುದ್ಧ ಮೇಲ್ಮನವಿ ಇರುವುದಿಲ್ಲ, 60 ದಿನಗಳೊಳಗೆ ಆಕ್ಷೇಪಣೆ ಅಥವಾ ಸಲಹೆ ಕಳುಹಿಸುವ ಅವಕಾಶ ಇರುತ್ತದೆ. ಒಂದು ರೆಸಾರ್ಟ್‌ನ ಅನುಮತಿಯನ್ನು ಪ್ರಶ್ನಿಸುವಾಗ ವರದಿಯನ್ನು ಮಾತ್ರ ನೆಚ್ಚಿಕೊಂಡರೆ ಆಧಾರ ಗಟ್ಟಿಯಾಗುವುದಿಲ್ಲ. ಪರಿವರ್ತನೆ ಆದೇಶದ ಷರತ್ತು, ಪಂಚಾಯಿತಿ ಒಪ್ಪಿದ ನಕ್ಷೆ, ಸರ್ವೆ ಸ್ಕೆಚ್‌ನಲ್ಲಿರುವ ತೋಡು ಹೆಚ್ಚು ಗಟ್ಟಿ ಆಧಾರಗಳು.

ತಪ್ಪು ಕಲ್ಪನೆ 5: ಇದೆಲ್ಲ ಬೇಡ, ನೇರ ಹೈಕೋರ್ಟ್‌ಗೆ ಹೋದರಾಯಿತು

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ಹೋಗುವ ಹಕ್ಕು ಎಲ್ಲರಿಗೂ ಇದೆ. ಎನ್‌ಜಿಟಿ ಬಂದ ಮಾತ್ರಕ್ಕೆ ಆ ಹಕ್ಕು ಹೋಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಕಾಯ್ದೆಯಲ್ಲೇ ಮೇಲ್ಮನವಿಯ ದಾರಿ ಇದ್ದರೆ, ಮೊದಲು ಅಲ್ಲಿಗೆ ಹೋಗಿ ಎಂದು ಹೈಕೋರ್ಟ್ ಸಾಮಾನ್ಯವಾಗಿ ಹೇಳುತ್ತದೆ. ಅಧಿಕಾರವೇ ಇಲ್ಲದವರು ಆದೇಶ ಮಾಡಿದ್ದರೆ, ಸಹಜ ನ್ಯಾಯದ ತತ್ವ ಮುರಿದಿದ್ದರೆ ವಿನಾಯಿತಿ ಸಿಗುತ್ತದೆ. ಆ ವಿನಾಯಿತಿಯನ್ನು ನೆಚ್ಚಿಕೊಂಡು ಮೇಲ್ಮನವಿಯ ಗಡುವನ್ನು ಬಿಟ್ಟುಕೊಡುವುದು ಜಾಣತನವಲ್ಲ.

ತಪ್ಪು ಕಲ್ಪನೆ 6: ಮೇಲ್ಮನವಿ ಎಂದರೆ ಅಭಿವೃದ್ಧಿಗೆ ಅಡ್ಡಗಾಲು

ಮೇಲ್ಮನವಿಯ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ತಮ್ಮ ಅರ್ಧ ಎಕರೆಯಲ್ಲಿ ಮನೆ ಕಟ್ಟಲು ಅರ್ಜಿ ಹಾಕಿ, ಕಾರಣ ಹೇಳದೆ ತಿರಸ್ಕೃತರಾದ ಸ್ಥಳೀಯರಿಗೂ ಇದೇ ಕಲಂಗಳು, ಇದೇ ಗಡುವುಗಳು. 2018ರ ನಂತರ ಕೊಡಗಿನಲ್ಲಿ ಅನುಮತಿ ಸಿಗದೆ ಅಲೆದವರಲ್ಲಿ ರೆಸಾರ್ಟ್ ಮಾಲೀಕರಷ್ಟೇ ಅಲ್ಲ, ಸಣ್ಣ ಬೆಳೆಗಾರರೂ ಇದ್ದಾರೆ. ತಿರಸ್ಕಾರಕ್ಕೆ ಕಾರಣ ಬರೆದು ಕೊಡಿ ಎಂದು ಕೇಳುವುದು, ಆ ಕಾರಣವನ್ನು ಮೇಲಿನ ಪ್ರಾಧಿಕಾರದ ಮುಂದೆ ಪರೀಕ್ಷೆಗೆ ಒಡ್ಡುವುದು ಅವರ ಹಕ್ಕು. ಅನುಮತಿ ಪಡೆದವರಿಗೂ ಇದರಿಂದ ಲಾಭವಿದೆ. ಮೇಲ್ಮನವಿಯಲ್ಲಿ ಉಳಿದುಬಂದ ಅನುಮತಿಯ ಮೇಲೆ ಕಟ್ಟಿದ ಮನೆಗೆ ಮರಡುವಿನ ಗತಿ ಬರುವ ಸಾಧ್ಯತೆ ಕಡಿಮೆ.

ಗಡಿಯಾರ ಯಾವಾಗ ಶುರುವಾಗುತ್ತದೆ?

ನೆರೆಯವರ ದೊಡ್ಡ ತೊಂದರೆ ಏನೆಂದರೆ, ಆದೇಶ ಆದದ್ದೇ ಅವರಿಗೆ ತಿಳಿಯುವುದಿಲ್ಲ. ಆದೇಶದ ಪ್ರತಿ ಹೋಗುವುದು ಅರ್ಜಿದಾರರಿಗೆ. ಜೆಸಿಬಿ ಬಂದ ಮೇಲಷ್ಟೇ ಉಳಿದವರಿಗೆ ಗೊತ್ತಾಗುತ್ತದೆ.

ಪರಿಸರ ಅನುಮತಿಯ ಮಟ್ಟಿಗೆ ಇದಕ್ಕೆ ಸ್ವಲ್ಪ ಪರಿಹಾರ ಇದೆ. ಅನುಮತಿ ಪಡೆದವರು ಅದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು. ಅರುಣಾಚಲ ಪ್ರದೇಶದ ಜಲವಿದ್ಯುತ್ ಯೋಜನೆಯೊಂದರ ಪ್ರಕರಣದಲ್ಲಿ ಎನ್‌ಜಿಟಿ 2013ರಲ್ಲಿ ಹೇಳಿದ್ದು ಇದೇ: ಆದೇಶ ಹೊರಟ ದಿನದಿಂದಲ್ಲ, ಅದು ಸಾರ್ವಜನಿಕರಿಗೆ ಸರಿಯಾಗಿ ತಿಳಿಯುವಂತೆ ಮಾಡಿದ ದಿನದಿಂದ ಗಡುವನ್ನು ಎಣಿಸಬೇಕು. ಹೀಗಾಗಿ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದ ಜಾಹೀರಾತೂ ಗಡಿಯಾರದ ಗುಂಡಿ ಒತ್ತಿರಬಹುದು.

ಭೂ ಪರಿವರ್ತನೆ ಮತ್ತು ಪಂಚಾಯಿತಿ ಪರವಾನಗಿಯಲ್ಲಿ ನಾವೇ ಕಣ್ಣಿಡಬೇಕು. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಪಂಚಾಯಿತಿಯಲ್ಲಿ ಪಿಡಿಒ ಅವರಿಂದ ನಿರ್ಣಯದ ಪ್ರತಿ ಕೇಳಬಹುದು. ಗ್ರಾಮಸಭೆಯಲ್ಲಿ ಆ ವರ್ಷ ಕೊಟ್ಟ ಪರವಾನಗಿಗಳ ಬಗ್ಗೆ ಪ್ರಶ್ನಿಸಬಹುದು.

ಮಾಹಿತಿ ಹಕ್ಕಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. 2005ರ ಕಾಯ್ದೆಯ ಪ್ರಕಾರ ಉತ್ತರ ಕೊಡಲು ಅಧಿಕಾರಿಗೆ 30 ದಿನ ಇದೆ. ಎನ್‌ಜಿಟಿಯ ಮೊದಲ ಗಡುವೂ 30 ದಿನವೇ. ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತ ಕುಳಿತರೆ ಎರಡೂ ಒಟ್ಟಿಗೆ ಮುಗಿಯುತ್ತವೆ. ಅದರ ಜೊತೆಗೆ ಆದೇಶದ ದೃಢೀಕೃತ ನಕಲಿಗೂ ಆ ಕಚೇರಿಯಲ್ಲಿ ಅರ್ಜಿ ಹಾಕಿ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಗಡುವಿನ ಲೆಕ್ಕದಿಂದ ಕಳೆಯುವ ನಿಯಮ ಕಾಲಮಿತಿ ಕಾಯ್ದೆಯಲ್ಲಿದೆ. ಮಾಹಿತಿ ಹಕ್ಕಿನ ಉತ್ತರಕ್ಕೆ ಕಾದ ದಿನಗಳು ಹಾಗೆ ತಾನಾಗಿ ಕಳೆಯುವುದಿಲ್ಲ. ನಕಲಿಗೆ ಅರ್ಜಿ ಹಾಕಿದ ರಸೀದಿಯನ್ನು ಜೋಪಾನವಾಗಿಡಿ.

ಹಾಗಾದರೆ ನಮ್ಮ ಕುಟುಂಬ ಏನು ಮಾಡಬೇಕಿತ್ತು?

ಜೆಸಿಬಿ ಬಂದ ದಿನ ಫೋಟೊ ತೆಗೆದು ತಾರೀಖು ಬರೆದಿಡಬೇಕಿತ್ತು. ಅದೇ ವಾರದಲ್ಲಿ ಪಹಣಿ ನೋಡಿ ಪರಿವರ್ತನೆ ಆಗಿದೆಯೇ ಎಂದು ತಿಳಿಯಬೇಕಿತ್ತು. ಆಗಿಲ್ಲದಿದ್ದರೆ ಮೇಲ್ಮನವಿಯ ಮಾತೇ ಬರುವುದಿಲ್ಲ. ಅದು ನೇರ ಉಲ್ಲಂಘನೆ, ಆಗ ಜಿಲ್ಲಾಧಿಕಾರಿಗೆ ಕೊಟ್ಟ ಮನವಿಯೇ ಸರಿಯಾದ ಹೆಜ್ಜೆ. ಆಗಿದ್ದರೆ ಆದೇಶದ ದೃಢೀಕೃತ ನಕಲು, ಪಂಚಾಯಿತಿ ನಿರ್ಣಯ, ಅನುಮೋದಿತ ನಕ್ಷೆ ಇವುಗಳಿಗೆ ಅರ್ಜಿ ಹಾಕಿ, ಷರತ್ತುಗಳನ್ನು ಸ್ಥಳದಲ್ಲಿ ನಡೆಯುತ್ತಿರುವುದರ ಜೊತೆ ಹೋಲಿಸಬೇಕಿತ್ತು. ನಂತರ ತಪ್ಪು ಯಾವ ಆದೇಶದಲ್ಲಿದೆಯೋ ಆ ಆದೇಶದ ಮೇಲ್ಮನವಿಯನ್ನು, ತಡೆಯಾಜ್ಞೆ ಅರ್ಜಿಯೊಂದಿಗೆ, ಗಡುವಿನೊಳಗೆ ಹಾಕಬೇಕಿತ್ತು. ವಕೀಲರ ಶುಲ್ಕ ಭಾರವಾದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕೋಪಕ್ಕೆ ತುತ್ತಾದವರು ಉಚಿತ ಕಾನೂನು ನೆರವಿಗೆ ಅರ್ಹರು.

ಇಷ್ಟೆಲ್ಲ ಮಾಡಿದರೂ ಗೆಲುವು ಖಚಿತವೇ? ಅಲ್ಲ. ಅನುಮತಿ ನಿಯಮದ ಪ್ರಕಾರವೇ ಕೊಟ್ಟಿದ್ದರೆ ಮೇಲ್ಮನವಿ ವಜಾ ಆಗಬಹುದು. ಆದರೂ ವಿಚಾರಣೆಯಲ್ಲಿ ತಡೆಗೋಡೆ, ಚರಂಡಿ, ಮಣ್ಣು ಹಾಕುವ ಜಾಗದ ಬಗ್ಗೆ ಹೊಸ ಷರತ್ತುಗಳು ಸೇರಬಹುದು. ಇಳಿಜಾರಿನ ಕೆಳಗಿರುವ ಮನೆಗೆ ಅದೇ ದೊಡ್ಡ ವ್ಯತ್ಯಾಸ ತರಬಲ್ಲದು. ಈ ಮಾಹಿತಿ ಸಾಮಾನ್ಯ ತಿಳಿವಳಿಕೆಗಾಗಿ. ಕಾಯ್ದೆಗಳಿಗೆ ತಿದ್ದುಪಡಿ ಬರುತ್ತಿರುತ್ತದೆ, ಆದ್ದರಿಂದ ಅರ್ಜಿ ಹಾಕುವ ಮುನ್ನ ಸ್ಥಳೀಯ ವಕೀಲರಲ್ಲಿ ಗಡುವನ್ನು ಒಮ್ಮೆ ಖಚಿತಪಡಿಸಿಕೊಳ್ಳಿ. ಆ ಭೇಟಿಗೆ ಹೋಗುವಾಗ ಆದೇಶದ ಪ್ರತಿ ಮತ್ತು ಅದರ ತಾರೀಖು ಕೈಯಲ್ಲಿರಲಿ.